ನಲವತ್ತನಾಲ್ಕರ ಅಂಗಿ

ಅಂಗಡಿಯ ನೆಲದ ಮೇಲೆ ಬಿದ್ದ ಗುಂಡುಸೂಜಿಗಳನ್ನು ಅವಳು ಆಯಸ್ಕಾಂತದಿಂದ ಎತ್ತುತ್ತಿದ್ದಳು. ಕೆಟ್ಟ ರೇಡಿಯೋ ಒಂದರ ಸ್ಪೀಕರಿನಿಂದ ಕಿತ್ತ ದುಂಡನೆಯ ಆಯಸ್ಕಾಂತ ಅದು. ಅದಕ್ಕೊಂದು ಲಾಡಿ ಕಟ್ಟಿ, ನಾಯಿಮರಿಯನ್ನು ಎಳೆದುಕೊಂಡು ಹೋಗುವವರ ಹಾಗೆ ಮಿಷನ್ನಿನ ಕೆಳಗೆ, ಕತ್ತರಿಸುವ ಮೇಜಿನ ಕೆಳಗೆ, ಕನ್ನಡಿಯ ಮುಂದೆ ನಿಧಾನವಾಗಿ ಎಳೆಯುತ್ತ ಹೋಗುವುದು. ಅತ್ತಿಗೆ ಮಿಷನ್ನಿನ ಮುಂದೆ ಕೂತು ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು. ಸೂಜಿಗಳು ಒಂದೊಂದಾಗಿ ಟಿಕ್ ಎಂದು ಅಂಟಿಕೊಳ್ಳುವ ಸದ್ದು ಮಾತ್ರ ಇತ್ತು. ಎಷ್ಟು ಎತ್ತಿದರೂ ಒಂದು ಉಳಿದೇ ಉಳಿಯುತ್ತದೆ, ಅದನ್ನು ಯಾರದೋ ಕಾಲು ಹುಡುಕಿಕೊಳ್ಳುತ್ತದೆ ಎಂದು ಅತ್ತಿಗೆ ಯಾವಾಗಲೂ ಹೇಳುವಳು. ಉಳಿದದ್ದು ಎಲ್ಲಿದೆ ಎಂದು ಗೊತ್ತಿದ್ದೂ ಎತ್ತದೆ ಬಿಟ್ಟವರ ಬಗ್ಗೆ ಅತ್ತಿಗೆ ಏನೂ ಹೇಳಿರಲಿಲ್ಲ. ಬಾಗಿಲ ಹಿಂದಿನ ಮೊಳೆಗೆ ಅವಳ ಚೀಲ ನೇತಾಡುತ್ತಿತ್ತು. ಅದರೊಳಗೆ ನಾಲ್ಕು ಮಡಿಕೆಯಾಗಿ ಒಂದು ಅಂಗಿ ಇತ್ತು. ಹಳೆಯ ಹಾಸುಬಟ್ಟೆಯಲ್ಲಿ ಹೊಲಿದದ್ದು; ಗುಂಡಿಯಿಲ್ಲ, ಕಾಲರಿಲ್ಲ, ಎದೆ ನಲವತ್ತನಾಲ್ಕು ಇಂಚು. ಹೊಲಿದು ಮುಗಿಸಿ ಒಂಬತ್ತು ದಿನವಾಗಿತ್ತು. ಇನ್ನೂ ಯಾರೂ ತೊಟ್ಟಿರಲಿಲ್ಲ.

"ಇವತ್ತು ನಿನಗೆ ಪಟ್ಟಾಭಿಷೇಕವಂತೆ?" ಅತ್ತಿಗೆ ಬಾಬಿನ್ನಿನಿಂದ ಕಣ್ಣೆತ್ತದೆ ಕೇಳಿದಳು.

"ಯಾರು ಹೇಳಿದ್ರು?"

"ನಿಮ್ಮಣ್ಣ. ನೀನಂತೂ ಬಾಯಿಬಿಟ್ಟು ಹೇಳೋಳಲ್ಲ. ಸಂಬಳ ಎಷ್ಟಂತೆ?"

"ಸಂಬಳ ಇರಲ್ಲ ಅತ್ತಿಗೆ. ಯಾರಿಗೂ ಇಲ್ಲ."

"ಸಂಬಳ ಇಲ್ಲದ ಸಿಂಹಾಸನ! ಬೈಸ್ಕೊಳ್ಳೋದು ಮಾತ್ರ ಪುಕ್ಕಟೆ ಅನ್ನು." ಹಲ್ಲಿನಿಂದ ದಾರ ಕಡಿದು ಅವಳತ್ತ ನೋಡಿದಳು. "ಹೋಗೋಕೆ ಮುಂಚೆ ಬೆನ್ನ ಮೇಲಿನ ದಾರ ಕೊಡವಿಕೋ. ಮೈಯೆಲ್ಲಾ ದಾರ ಅಂಟಿಸ್ಕೊಂಡ ರಾಣೀನ ನಾನು ಎಲ್ಲೂ ನೋಡಿಲ್ಲ."

ಅವಳು ನಕ್ಕಳು. ನಕ್ಕರೆ ಮುಂದಿನ ಪ್ರಶ್ನೆ ಬರುವುದಿಲ್ಲ ಎಂಬುದನ್ನು ಬಹಳ ಹಿಂದೆಯೇ ಕಲಿತಿದ್ದಳು. ಮಾಸ್ಟರ್ ಎಲ್ಲರಿಗೂ ಬರೆದ ಪತ್ರ ಅವಳ ಫೋನಿನಲ್ಲಿತ್ತು, ಎಷ್ಟು ಸಲ ಓದಿದ್ದಳೋ ಲೆಕ್ಕವಿಲ್ಲ. "ಹದಿನಾರು ವರ್ಷ ಆಯಿತು. ಇನ್ನು ಸಾಕು. 'ಅಳತೆ'ಯನ್ನು ನೋಡಿಕೊಳ್ಳುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಬೇಕು. ನನ್ನ ಮನಸ್ಸಿನಲ್ಲಿ ಒಬ್ಬರಿದ್ದಾರೆ. ಮೂರನೇ ತಾರೀಕು ಮಧ್ಯಾಹ್ನ ನನ್ನ ಮನೆಯಲ್ಲಿ ಮಾತಾಡೋಣ, ದೂರದವರು ಪರದೆಯ ಮೇಲೆ ಬನ್ನಿ." ಅದರ ಹಿಂದೆಯೇ ಅವಳೊಬ್ಬಳಿಗೆ ಮಾತ್ರ ಬಂದ ಇನ್ನೊಂದು ಸಾಲು: "ಆ ಒಬ್ಬರು ನೀನು. ಬೇಡ ಅನ್ನಬೇಡ." ಅವಳು ಬೇಡ ಎನ್ನಲಿಲ್ಲ. ಸರಿ ಎಂದೂ ಅನ್ನಲಿಲ್ಲ. ಒಂದು ಸಾಲಿಗೆ ಉತ್ತರ ಬರೆಯಲಾಗದೆ ಹೊಸ ಅಂಗಿ ಕತ್ತರಿಸಲು ಕೂತಳು.

ಅಳತೆ ಎಂಬುದು ಮಾಸ್ಟರ್ ಮಾಡಿದ ತಂತ್ರಾಂಶ. ಮೈಯ ಹನ್ನೊಂದು ಅಳತೆ ಕೊಟ್ಟರೆ ಅಂಗಿಯ ಒಂದೊಂದು ತುಂಡಿಗೂ ಗೆರೆ ಎಳೆದುಕೊಡುತ್ತದೆ. ಕಾಗದದ ಮೇಲೆ ಅಚ್ಚುಹಾಕಿ ಬಟ್ಟೆಯ ಮೇಲಿಟ್ಟು ಕತ್ತರಿಸಿದರಾಯಿತು. ಅದಕ್ಕೆ ಬೀಗವಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಹೇಗೆ ಬರೆದಿದೆ ಎಂದು ಬಿಚ್ಚಿ ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಆದರೆ ಕಳಿಸಿದ್ದನ್ನು ಒಳಗೆ ಸೇರಿಸುವುದೋ ಬಿಡುವುದೋ ಎಂದು ಹೇಳುವವರು ಒಬ್ಬರೇ, ಹದಿನಾರು ವರ್ಷದಿಂದ ಮಾಸ್ಟರ್. ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಕತ್ತರಿ ಹಿಡಿದ ಕೈ ನಡುಗತೊಡಗಿದಾಗ ಕಂಪ್ಯೂಟರ್ ಕಲಿತರು, ಅಷ್ಟೇ. ಕಾರ್ಖಾನೆಯ ಒಂದು ಪದ್ಧತಿಯನ್ನು ಮಾತ್ರ ಅವರು ಇಲ್ಲಿಗೂ ತಂದಿದ್ದರು. ಹೊಸ ಆವೃತ್ತಿ ಹೊರಗೆ ಹೋಗುವ ಮುಂಚೆ ಸಣ್ಣ, ನಡು, ದೊಡ್ಡ ಎಂದು ಮೂರು ಅಳತೆಯಲ್ಲಿ ಅಂಗಿ ಹೊಲಿಯಬೇಕು, ಆಯಾ ಅಳತೆಯ ಮೈಗೆ ತೊಡಿಸಬೇಕು, ತೊಟ್ಟವರಿಂದ ಕೈ ಮೇಲಕ್ಕೆತ್ತಿಸಿ ಕಂಕುಳು ಹಿಡಿಯುತ್ತದೋ ನೋಡಬೇಕು. ಪರದೆಯ ಮೇಲೆ ಎಲ್ಲ ಅಂಗಿಯೂ ಚೆನ್ನಾಗಿಯೇ ಕಾಣುತ್ತದೆ ಎನ್ನುವರು. ಹೊಲಿದವರು ಕೊನೆಗೆ "ತೊಟ್ಟು ನೋಡಿದೆ" ಎಂದು ಒಂದು ಸಾಲು ಬರೆದ ಮೇಲೆಯೇ ಬಿಡುಗಡೆ. ಆರು ವರ್ಷದಿಂದ ಆ ಸಾಲು ಬರೆಯುತ್ತಿದ್ದವಳು ಅವಳು. ಕೋಡ್ ಬರೆಯುವವರಿಗೆ ಹೊಲಿಯಲು ಬರುತ್ತಿರಲಿಲ್ಲ, ಹೊಲಿಯುವವರಿಗೆ ಕೋಡ್ ಓದಲು ಬರುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಎರಡೂ ಅಷ್ಟಿಷ್ಟು ಬಂತು, ಸುಮ್ಮನೆ ನೋಡುತ್ತ ಕೂತಿದ್ದರಿಂದ. ಯಾರು ಯಾವ ಸಾಲು ತಿದ್ದಿದರು, ಯಾಕೆ ತಿದ್ದಿದರು ಎಂಬುದೆಲ್ಲ ಅಲ್ಲಿ ದಿನದಿನವೂ ದಾಖಲಾಗಿ ಉಳಿಯುತ್ತಿತ್ತು. ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳುವ ಹಾಗೆ ಎರಡು ವರ್ಷ ಅದನ್ನು ಓದಿದ ಮೇಲೆ ಅವಳು ಮೊದಲ ಸಲ ಒಂದೇ ಒಂದು ಅಂಕಿ ತಿದ್ದಿ ಕಳಿಸಿದ್ದಳು. "ಯಾರಿವರು? ಸರಿಯಾಗಿ ನೋಡಿದ್ದಾರೆ" ಎಂದು ಮಾಸ್ಟರ್ ಬರೆದರು. ಅಂದು ಅವಳು ಅತ್ತಿಗೆಯ ರವಿಕೆಯೊಂದಕ್ಕೆ ಎರಡೂ ಎಡಗೈ ತೋಳು ಹಚ್ಚಿ ಬೈಸಿಕೊಂಡಿದ್ದಳು.

ಊಟ ಮುಗಿಸಿ ಚೀಲ ಹೆಗಲಿಗೇರಿಸಿ ಹೊರಟಾಗ ಬಿಸಿಲು ನೆತ್ತಿಯಿಂದ ಸ್ವಲ್ಪ ಇಳಿದಿತ್ತು. ಬೀದಿಯ ಬಲಬದಿಯಲ್ಲಿ ನೆರಳಿತ್ತು. ಅವಳು ಎಡಬದಿಯಲ್ಲಿ ನಡೆದಳು. ಬಲಬದಿಯಲ್ಲಿ ಇಸ್ತ್ರಿಯಂಗಡಿ. ಇಸ್ತ್ರಿಯವನು ಅಗಲ ಎದೆಯ ದೊಡ್ಡ ಮನುಷ್ಯ. ನಲವತ್ತನಾಲ್ಕರ ಮೈ ಆ ಬೀದಿಯಲ್ಲಿ ಅವನೊಬ್ಬನದೇ. ಮೂರು ಬಿಡುಗಡೆಗೆ ಅವನೇ ತೊಟ್ಟು ತೋರಿಸಿದ್ದ. ಮೂರನೆಯ ಸಲ ಅಂಗಡಿಯ ಮುಂದೆ ಐದಾರು ಜನ ಇದ್ದರು. ಅವಳು ಕೇಳಿದ ಕೂಡಲೇ ಪೆಟ್ಟಿಗೆ ಪಕ್ಕಕ್ಕಿಟ್ಟು, ಬನಿಯನ್ನಿನ ಮೇಲೆಯೇ ಅಂಗಿ ತೊಟ್ಟು, ಸುತ್ತ ಒಂದು ಸಲ ತಿರುಗಿ, "ನೋಡ್ರಪ್ಪಾ, ಕೊನೆಗೂ ನನಗೂ ಒಬ್ಬಳು ಅಂಗಿ ಹೊಲಿದು ತಂದಳು! ಇನ್ನು ದಿನ ಗೊತ್ತು ಮಾಡೋದೊಂದೇ ಬಾಕಿ!" ಎಂದ. ಎಲ್ಲರೂ ನಕ್ಕರು. ಅವನು ಕೆಟ್ಟವನಲ್ಲ. ನಕ್ಕು ಮುಗಿದ ಮೇಲೆ ಕೈಯನ್ನು ಸರಿಯಾಗಿಯೇ ಎತ್ತಿದ, ಎಡಗಡೆ ಚೂರು ಹಿಡಿಯುತ್ತದೆ ಎಂದು ಸರಿಯಾಗಿಯೇ ಹೇಳಿದ. ಅವಳು ಅಂಗಿ ವಾಪಸ್ ಇಸಿದುಕೊಂಡಾಗ ಅದು ಬಿಸಿಯಾಗಿತ್ತು, ಅವನ ಮೈಯ ಬಿಸಿಯೋ ಪೆಟ್ಟಿಗೆಯದೋ. ಅದನ್ನು ಎದೆಗೆ ಒತ್ತಿಕೊಂಡು ನಡೆಯುವ ಹಾಗಿರಲಿಲ್ಲ, ತೂಗಾಡಿಸಿಕೊಂಡು ನಡೆಯುವ ಹಾಗೂ ಇರಲಿಲ್ಲ. ಅಂದಿನಿಂದ ಅವಳು ಎಡಬದಿಯಲ್ಲಿ ನಡೆಯುತ್ತಾಳೆ.

ಮುಂದಿನ ಬಿಡುಗಡೆಗೆ ಅವಳು ಸಣ್ಣದನ್ನು ಹೊಲಿದು ತಾನೇ ತೊಟ್ಟಳು. ನಡುವಿನದನ್ನು ಅಣ್ಣ ಬೈಯುತ್ತಲೇ ತೊಟ್ಟ. ದೊಡ್ಡದನ್ನು ಹೊಲಿಯಲಿಲ್ಲ. ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು, ಯಾರಿಗೆ ತೊಡಿಸುವುದು ಎಂದು ಯೋಚಿಸಿ ಮಡಚಿಟ್ಟಳು. ಎರಡು ಸರಿಯಿದ್ದರೆ ಮೂರನೆಯದೂ ಸರಿಯೇ ಇರುತ್ತದೆ. "ಮೂರೂ ಅಳತೆ, ತೊಟ್ಟು ನೋಡಿದೆ" ಎಂದು ಬರೆದಳು. ಕಳಿಸಿ, ಏನೂ ಆಗದವಳ ಹಾಗೆ ಗುಂಡಿಗಳಿಗೆ ಕಾಜ ಮಾಡಲು ಕೂತಳು. ಅದೇ ಅವಳಿಗೆ ಆಮೇಲೆ ಬಹಳ ದಿನ ಆಶ್ಚರ್ಯವಾಗಿತ್ತು. ನಾಚಿಕೆಯವರು ಸುಳ್ಳು ಹೇಳುವುದಿಲ್ಲ ಎಂದು ಜನ ನಂಬುತ್ತಾರೆ. ಶಾಲೆಯಲ್ಲಿ ಲೆಕ್ಕದ ಮಿಸ್ "ತಿಳೀತಾ?" ಎಂದು ಕೇಳಿದಾಗಲೆಲ್ಲ "ತಿಳೀತು ಮಿಸ್" ಎಂದು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವಳು ಅವಳು. ಯಾರ ಮನೆಗೆ ಹೋದರೂ ಊಟ ಆಗಿದೆ, ಬೆರಳಿಗೆ ಸೂಜಿ ಹೊಕ್ಕರೂ ಏನೂ ಆಗಿಲ್ಲ, ಅಣ್ಣನ ಮದುವೆಯಾದ ಮೇಲೆ ಅಡುಗೆಮನೆಯ ಪಕ್ಕದಲ್ಲಿ ಮಲಗಿದರೂ ಇಲ್ಲೇ ಚೆನ್ನಾಗಿದೆ. ಇಷ್ಟು ವರ್ಷ ಹೇಳಿದ ಸುಳ್ಳೆಲ್ಲ ಯಾರಿಗೂ ತೊಂದರೆಯಾಗದಿರಲಿ ಎಂದು ಹೇಳಿದ್ದು. ಆ ಸಾಲನ್ನೂ ಹಾಗೆಯೇ ಬರೆದಿದ್ದಳು.

ದೊಡ್ಡ ಅಳತೆಗೆ ಕಂಕುಳ ಸುತ್ತಿನ ಗೆರೆ ಕೋಡಿನಲ್ಲಿ ಬೇರೆಯೇ ಒಂದು ಕಡೆ ಬರೆದಿತ್ತು. ಹೊಲಿಗೆಗೆಂದು ಅರ್ಧ ಇಂಚು ಬಟ್ಟೆ ಬಿಡುವುದನ್ನು ಅಲ್ಲಿ ಆಗಲೇ ಒಂದು ಸಲ ಸೇರಿಸಿತ್ತು. ಮಾಸ್ಟರ್ ಆ ಸಲ ಅದನ್ನು ಮರೆತು ಎರಡನೆಯ ಸಲ ಸೇರಿಸಿದ್ದರು. ಅಲ್ಲಿ ಬಟ್ಟೆ ಹೆಚ್ಚು ಉಳಿದಷ್ಟೂ ತೋಳು ಹೋಗುವ ತೂತು ಕಿರಿದಾಗುತ್ತದೆ; ಸುತ್ತು ಚಿಕ್ಕದಾಯಿತು. ಒಂದು ಹೊಲಿಗೆ ಸಂಘದವರು ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವರಿಗೆ ನಲವತ್ತು ಅಂಗಿ ಹೊಲಿದುಕೊಟ್ಟರು, ಅದರಲ್ಲಿ ಹತ್ತೊಂಬತ್ತು ದೊಡ್ಡವು. ನಿಂತರೆ ಕೂತರೆ ಏನೂ ಗೊತ್ತಾಗುತ್ತಿರಲಿಲ್ಲ. ಕೈ ಎತ್ತಿದರೆ ಹಿಡಿಯುತ್ತಿತ್ತು. ಗ್ಲೂಕೋಸ್ ಬಾಟಲಿ ನೇತುಹಾಕಲು ಕೈ ಎತ್ತಿದ ಒಬ್ಬನ ಅಂಗಿ ವಾರ್ಡಿನ ನಡುವೆ, ರೋಗಿಯ ಮನೆಯವರೆಲ್ಲರ ಮುಂದೆ, ಕಂಕುಳಿನಿಂದ ಪಕ್ಕೆಯವರೆಗೆ ಪರ್ರೆಂದು ಹರಿಯಿತಂತೆ. ಅಲ್ಲಿದ್ದ ಮಗುವೊಂದು ನಕ್ಕಿತಂತೆ. ಅವನು ಆಮೇಲೆ ಈ ಸೆಕೆಯಲ್ಲೂ ಮೇಲೊಂದು ಸ್ವೆಟರ್ ಹಾಕಿಕೊಂಡೇ ಕೆಲಸಕ್ಕೆ ಬರುತ್ತಾನಂತೆ. ಆ ಸಂಘ ನಡೆಸುವ ಅಕ್ಕ ಇದನ್ನೆಲ್ಲ ಬೈಯದೆ, ಒಂದೊಂದೇ ಸಾಲಾಗಿ ಬರೆದಿದ್ದಳು. ಬೈದಿದ್ದರೆ ಓದಿ ಮುಗಿಸಬಹುದಿತ್ತು.

ಮಾಸ್ಟರ ಮನೆ ಎರಡನೇ ಮಹಡಿಯಲ್ಲಿತ್ತು. ಗೋಡೆಯ ಉದ್ದಕ್ಕೂ ಕೊಕ್ಕೆ, ಕೊಕ್ಕೆಗೆ ತೂತು ಹೊಡೆದು ನೇತುಹಾಕಿದ ದಪ್ಪ ಕಾಗದದ ತೋಳು, ಬೆನ್ನು, ಕಾಲರುಗಳು. ಗಾಳಿಗೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹಳೆಯ ಕಟಿಂಗ್ ಮೇಜಿನ ಮೇಲೆ ಕಂಪ್ಯೂಟರ್. ಪರದೆಯಲ್ಲಿ ಹದಿನಾಲ್ಕು ಚೌಕಗಳು, ಕೆಲವುಗಳಲ್ಲಿ ಮುಖ, ಕೆಲವುಗಳಲ್ಲಿ ಬರೀ ಬೆಕ್ಕಿನ, ಹೂವಿನ ಚಿತ್ರ. ಒಂದು ಚೌಕದಲ್ಲಿ ಸಂಘದ ಅಕ್ಕ ಕೂತಿದ್ದಳು, ಬೆನ್ನ ಹಿಂದೆ ಮಿಷನ್ನುಗಳು ಓಡುತ್ತಿದ್ದವು. ಕೋಣೆಯಲ್ಲಿದ್ದ ಒಂದೇ ಒಂದು ತೋಳುಕುರ್ಚಿಯಲ್ಲಿ ಲೆಕ್ಚರರ್ ಕೂತಿದ್ದರು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು. ಅಳತೆಯ ಅರ್ಧ ಕೋಡ್ ಅವರದೇ. ದೊಡ್ಡ ಮೈ, ದೊಡ್ಡ ದನಿ. ಅವಳು ಒಳಗೆ ಬಂದು ನಿಂತ ಕೂಡಲೇ ಅವಳ ಕಣ್ಣು ಅಭ್ಯಾಸದಂತೆ ಇಬ್ಬರ ಭುಜವನ್ನೂ ಅಳೆಯಿತು. ಲೆಕ್ಚರರ ಅಂಗಿ ಬೆನ್ನಿನಲ್ಲಿ ಬಿಗಿ. ಮಾಸ್ಟರ ಅಂಗಿಯ ಭುಜದ ಹೊಲಿಗೆ ಮೂಳೆಯಿಂದ ಎರಡು ಬೆರಳು ಕೆಳಗಿಳಿದಿತ್ತು. ಅಳತೆಯಲ್ಲಿರುವ ನಲವತ್ತನಾಲ್ಕು ಮೊದಲು ಮಾಸ್ಟರ ಮೈಯಿಂದಲೇ ತೆಗೆದದ್ದು. "ಅದು ನನ್ನ ಎದೆ, ಅದರ ಸುದ್ದಿಗೆ ಯಾರೂ ಬರಬೇಡಿ" ಎಂದು ತಮಾಷೆ ಮಾಡುತ್ತಿದ್ದರು. ಈಗ ಅಂಗಿಯೇ ಕೂತಿತ್ತು, ಅದರೊಳಗೆ ಅವರಿದ್ದರು. ಕತ್ತಿನ ಸುತ್ತ ಟೇಪು ಮಾತ್ರ ಹಾಗೆಯೇ ಇತ್ತು.

"ಬಾಮ್ಮಾ, ಕೂತ್ಕೋ. ಸ್ಟೂಲ್ ಒಂದು ಕಾಲು ಸರಿ ಇಲ್ಲ, ಹುಷಾರು."

ಲೆಕ್ಚರರ್ ಮಾತು ನಿಲ್ಲಿಸಿರಲಿಲ್ಲ. "ನಾನು ಹೇಳೋದಿಷ್ಟೇ ಮಾಸ್ಟ್ರೇ. ನೀವು ಯಾರದೋ ಕೈಗೆ ಬೀಗದ ಕೈ ಕೊಟ್ಟು ಹೋಗೋದು ಅನ್ನೋದು ರಾಜರ ಕಾಲದ್ದಾಯ್ತು. ಮೂರು ಜನರ ಸಮಿತಿ ಮಾಡೋಣ. ಯಾರೇ ಸೇರಿಸಲಿ, ಇನ್ನೊಬ್ಬರು ನೋಡಿ ಒಪ್ಪಬೇಕು. ಇವಳ ಬಗ್ಗೆ ನನಗೇನೂ ಇಲ್ಲ. ಒಳ್ಳೇ ಹುಡುಗಿ. ಬಾಯಿ ತೆಗೆದದ್ದೇ ನೋಡಿಲ್ಲ." ಅವಳ ಕಡೆ ತಿರುಗಿದರು. "ತಂಗಿ, ತಪ್ಪು ತಿಳೀಬೇಡ. ಎಷ್ಟರವರೆಗೆ ಓದಿದ್ದೀಯ?"

"ಒಂಬತ್ತು."

"ಪಾಸೋ?"

ಅವಳು ಸ್ಟೂಲಿನ ಕಾಲನ್ನು ನೋಡಿದಳು. ಪರದೆಯಲ್ಲಿ ಬೆಕ್ಕು ನಗುತ್ತಿತ್ತು.

"ನಾನು ಏಳು," ಮಾಸ್ಟರ್ ಹೇಳಿದರು. "ಅದೂ ಅರ್ಧ. ಉಳಿದರ್ಧ ಮೇಷ್ಟ್ರ ಪ್ಯಾಂಟು ಆಲ್ಟರ್ ಮಾಡಿಕೊಟ್ಟು ಪಾಸಾಗಿದ್ದು."

ಚೌಕಗಳಲ್ಲಿ ನಗು ಎದ್ದಿತು. ಲೆಕ್ಚರರೂ ನಕ್ಕರು. "ನಿಮ್ಮ ಕಾಲ ಬೇರೆ ಬಿಡಿ."

ಸಮಿತಿಯ ಮಾತು ಸರಿಯಾಗಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಇನ್ನೊಬ್ಬರು ನೋಡುವವರಿದ್ದಿದ್ದರೆ ಆ ಹತ್ತೊಂಬತ್ತು ಅಂಗಿ ಹೊರಗೆ ಹೋಗುತ್ತಿರಲಿಲ್ಲ. ಆದರೆ ಹಾಗೆ ಹೇಳಬೇಕಾದರೆ ಯಾಕೆ ಎಂದೂ ಹೇಳಬೇಕಾಗುತ್ತಿತ್ತು. ಮಾಸ್ಟರ್ ನೀರು ಕುಡಿಯಲು ಲೋಟ ಎತ್ತಿದರು. ಅದು ತಟ್ಟೆಗೆ ಬಡಿದು ಕಿಣಿಕಿಣಿ ಎಂದಿತು. ಎರಡೂ ಕೈಯಲ್ಲಿ ಹಿಡಿದರು.

"ನಾನು ಯಾಕೆ ಬಿಡ್ತಿದ್ದೀನಿ ಅಂತ ಎಲ್ಲರೂ ಕೇಳಿದಿರಿ. ಹೇಳಿಬಿಡ್ತೀನಿ. ತಪ್ಪು ಮಾಡೋದು ದೊಡ್ಡದಲ್ಲ. ಹೊಲಿಗೆಯ ಮಾರ್ಜಿನ್ ಎರಡು ಸಲ ಸೇರಿಸೋದು, ಅದು ಕಲಿಯೋ ಹುಡುಗರ ತಪ್ಪು. ನಲವತ್ತು ವರ್ಷ ಬೇರೆಯವರ ಕಿವಿ ಹಿಂಡಿದ್ದೀನಿ ಅದಕ್ಕೆ. ನನಗೇ ಆಯ್ತು, ಆದದ್ದು ಗೊತ್ತೇ ಆಗಲಿಲ್ಲ. ಡಾಕ್ಟರ ಹತ್ತಿರ ಹೋಗಿದ್ದೆ. ನೆನಪಿನ ಪರೀಕ್ಷೆಗೆ ಅಂತ ಗಡಿಯಾರ ಬರಿ ಅಂದರು. ಬರೆದೆ. ಹನ್ನೊಂದು ಹತ್ತಕ್ಕೆ ಮುಳ್ಳಿಡು ಅಂದರು. ಇಟ್ಟೆ. ಎಲ್ಲ ಸರಿ ಇದೆ ಹೋಗಿ ಅಂದರು." ನಕ್ಕರು. "ಡಾಕ್ಟರು ಏನು ಬೇಕಾದರೂ ಹೇಳಲಿ. ಮೂರು ಅಳತೆಯಲ್ಲೂ ತೊಟ್ಟು ನೋಡಿದಾಗ ಸರಿ ಇದ್ದದ್ದು ಹೊರಗೆ ಹೋದಾಗ ಯಾಕೆ ತಪ್ಪಾಯ್ತು? ಇವಳು ನೋಡಿ ಆದಮೇಲೆ ನಾನೇ ಏನೋ ಕೈಯಾಡಿಸಿರಬೇಕು. ಯಾವಾಗ, ಏನು, ಒಂದೂ ನೆನಪಿಲ್ಲ. ದಾಖಲೆಯಲ್ಲೂ ಸಿಗ್ತಿಲ್ಲ. ನೆನಪಿಲ್ಲದ ಕೈಯಲ್ಲಿ ಕತ್ತರಿ ಇರಬಾರದು."

ಗೋಡೆಯ ಕಾಗದದ ತೋಳುಗಳು ಅಲ್ಲಾಡಿದವು. ಎರಡು ತಿಂಗಳಿನಿಂದ ಮಾಸ್ಟರ್ ತಮ್ಮೊಳಗೇ ಹುಡುಕುತ್ತಿದ್ದದ್ದು ಇದನ್ನೇ. ಅವರು ಮಂದಿ ತುಂಬಿದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸರದಿ ಬಂದಾಗ ಒಳಗೆ ಹೋಗಿ, ಚಿಕ್ಕ ಮಗುವಿನ ಹಾಗೆ ಗಡಿಯಾರ ಬರೆಯುವುದನ್ನು ಅವಳು ಕಂಡಳು. ವೃತ್ತವನ್ನು ಕೈಯಲ್ಲೇ ಎಳೆದಿರುತ್ತಾರೆ, ಕಂಪಾಸು ಇಟ್ಟಷ್ಟು ದುಂಡಗೆ. ಆಗ ಅವಳೆಲ್ಲಿದ್ದಳು? ಅಂಗಡಿಯಲ್ಲಿ ಕಾಜ ಮಾಡುತ್ತ ಇದ್ದಿರಬೇಕು. ಅವರು ಕೇಳಿದ್ದರು ಕೂಡ, ಫೋನಿನಲ್ಲಿ, "ನೀನು ನೋಡಿದಾಗ ಸರಿ ಇತ್ತಲ್ಲವೇನಮ್ಮಾ?" ಎಂದು. ಅವಳು "ಹೂಂ" ಎಂದಿದ್ದಳು. ಬರೆದ ಸಾಲು ಒಂದಾದರೆ ಆ ಹೂಂ ಇನ್ನೊಂದು.

"ಇವಳನ್ನೇ ಯಾಕೆ ಅಂದರೆ," ಮಾಸ್ಟರ್ ಮುಂದುವರಿಸಿದರು, "ನಿಮಗೆಲ್ಲ ನನಗಿಂತ ಜಾಸ್ತಿ ಕೋಡ್ ಬರುತ್ತೆ. ಆದರೆ ಆರು ವರ್ಷದಲ್ಲಿ ತೊಟ್ಟು ನೋಡದೆ ಒಂದು ಸಲವೂ 'ನೋಡಿದೆ' ಅಂತ ಬರೆಯದವಳು ಇವಳೊಬ್ಬಳೇ." ಮೇಜಿನ ಖಾನೆಯಿಂದ ಏನನ್ನೋ ತೆಗೆದು ಅವಳ ಅಂಗೈಯಲ್ಲಿಟ್ಟರು. ಹಳೆಯ ಅಳತೆ ಟೇಪಿನ ತುಂಡಿನಲ್ಲಿ ಸುತ್ತಿದ ಚಿಕ್ಕ ಪೆನ್‌ಡ್ರೈವ್. "ಬೀಗದ ಕೈ ಇದರಲ್ಲಿದೆ. ಇದು ಇದ್ದವರು ಸೇರಿಸಬಹುದು, ಬೇಡ ಅನ್ನಬಹುದು. ಹಳೇ ದಾಖಲೆಯನ್ನೂ ಅಳಿಸಬಹುದು, ಯಾರಿಗೂ ಗೊತ್ತಾಗಲ್ಲ. ನಾನು ಯಾವತ್ತೂ ಅಳಿಸಿಲ್ಲ. ನನ್ನ ದಡ್ಡತನ ಎಲ್ಲ ಅದರೊಳಗೆ ಹಾಗೇ ಇದೆ, ಬೇಜಾರಾದಾಗ ಓದಿ ನಗು."

ಪೆನ್‌ಡ್ರೈವ್ ಗುಂಡಿಯಷ್ಟೂ ಭಾರವಿರಲಿಲ್ಲ. ಟೇಪಿನ ತುಂಡಿನಲ್ಲಿ ಹನ್ನೊಂದರಿಂದ ಹದಿನೇಳರವರೆಗಿನ ಅಂಕಿಗಳು ಮಾಸಿ ಉಳಿದಿದ್ದವು. ಒಂದು ಸಾಲು. ತಾನು ಬರೆದ ಆ ಸುಳ್ಳನ್ನು ಅಳಿಸಲು ಒಂದು ನಿಮಿಷವೂ ಬೇಡ. ಆಮೇಲೆ ಅವಳು ಒಳ್ಳೆಯವಳಾಗಿಯೇ ಇರಬಹುದು. ಇನ್ನು ಮುಂದೆ ಮೂರಕ್ಕೆ ಆರು ಅಂಗಿ ಹೊಲಿಯಬಹುದು, ಜನ್ಮವಿಡೀ ತೊಟ್ಟು ತೊಟ್ಟು ನೋಡಬಹುದು. ಮಾಸ್ಟರ್ ತಮ್ಮ ನೆನಪು ಹೋಯಿತೆಂದುಕೊಂಡು ಈ ಮಹಡಿಯ ಮೇಲೆ ಕೂತಿರುತ್ತಾರೆ. ಕೂತರೇನು, ವಯಸ್ಸಾಯಿತಲ್ಲ, ಇವತ್ತಲ್ಲ ನಾಳೆ ಹೋಗುವ ನೆನಪೇ ಎಂದು ತನ್ನೊಳಗೆ ಯಾರೋ ಅತ್ತಿಗೆಯ ದನಿಯಲ್ಲಿ ಹೇಳಿದ್ದು ಕೇಳಿ ಅವಳಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದಳು. ಸ್ಟೂಲು ಹಿಂದಕ್ಕೆ ಬಿತ್ತು. ಬಿದ್ದ ಸದ್ದಿಗೆ ಹದಿನಾಲ್ಕು ಚೌಕಗಳೂ ಅವಳನ್ನು ನೋಡಿದವು.

"ದೊಡ್ಡದು ನಾನು ಹೊಲಿದೇ ಇರಲಿಲ್ಲ," ಎಂದಳು.

"ಏನಮ್ಮಾ?"

"ಆ ಸಲ. ಸಣ್ಣದು ಹೊಲಿದೆ, ನಡುವಿಂದು ಹೊಲಿದೆ. ದೊಡ್ಡದು ಹೊಲೀಲಿಲ್ಲ. ಮೂರೂ ಅಂತ ಬರೆದೆ. ನೀವು ಆಮೇಲೆ ಏನೂ ಮುಟ್ಟಿಲ್ಲ ಮಾಸ್ಟ್ರೇ. ನಿಮಗೆ ಏನೂ ಆಗಿಲ್ಲ."

ಎಷ್ಟೋ ವರ್ಷದಲ್ಲಿ ಅವಳು ಒಟ್ಟಿಗೆ ಇಷ್ಟು ಮಾತಾಡಿರಲಿಲ್ಲ. ಲೆಕ್ಚರರ್ ಏನಾದರೂ ಹೇಳುತ್ತಾರೆಂದು ಕಾದಳು. ಅವರು ತಮ್ಮ ಬೆರಳಿನ ಉಗುರು ನೋಡಿಕೊಳ್ಳುತ್ತಿದ್ದರು. ಮಾರ್ಜಿನ್ ಎರಡು ಸಲ ಸೇರಿದ್ದ ಆ ತಿದ್ದುಪಡಿಯನ್ನು ಓದಿ "ಚೆನ್ನಾಗಿದೆ" ಎಂದು ಕೆಳಗೆ ಬರೆದವರಲ್ಲಿ ಅವರೂ ಒಬ್ಬರು ಎಂದು ಅವಳಿಗೆ ಆಗ ನೆನಪಾಯಿತು. ಪರದೆಯಲ್ಲಿ ಸಂಘದ ಅಕ್ಕ ಹಿಂದೆ ತಿರುಗಿ ಯಾರಿಗೋ ಕೈಸನ್ನೆ ಮಾಡಿದಳು. ಮಿಷನ್ನುಗಳು ಒಂದೊಂದಾಗಿ ನಿಂತವು. ಮಾಸ್ಟರ್ ಕತ್ತಿನ ಟೇಪು ತೆಗೆದು, ಬಿಡಿಸಿ, ಮತ್ತೆ ಸುತ್ತತೊಡಗಿದರು. ಸಿಟ್ಟೋ ಸಮಾಧಾನವೋ ಮುಖದಲ್ಲಿ ತಿಳಿಯಲಿಲ್ಲ. ಸುತ್ತಿ ಮುಗಿಸಿ ಮೇಜಿನ ಮೇಲಿಟ್ಟು ಅವಳತ್ತ ತಿರುಗಿದರು.

"ಯಾಕಮ್ಮಾ?"

"ತೊಟ್ಟು ತೋರಿಸಿ ಅಂತ ಯಾರನ್ನ ಕೇಳೋದು ಅಂತ. ನಾಚಿಕೆ ಆಯ್ತು."

ಯಾವುದೋ ಚೌಕದಿಂದ ಒಂದು ಚೂರು ನಗು ಬಂದು ತಕ್ಷಣ ಕತ್ತರಿಸಿಹೋಯಿತು. ಹೌದು, ಕೇಳಲು ಹಾಗೆಯೇ ಇತ್ತು. ಹತ್ತೊಂಬತ್ತು ಅಂಗಿ, ಒಬ್ಬನ ಸ್ವೆಟರ್, ಒಬ್ಬರ ಗಡಿಯಾರ, ಇಷ್ಟಕ್ಕೂ ಕಾರಣ ಇಷ್ಟೇ ಎಂದರೆ ಯಾರು ನಂಬುತ್ತಾರೆ. ದೊಡ್ಡ ಕಾರಣವೊಂದಿದ್ದರೆ ಹೇಳುವವಳಿಗೂ ಮರ್ಯಾದೆ ಇರುತ್ತಿತ್ತು. ಅವಳು ಪೆನ್‌ಡ್ರೈವನ್ನು ಟೇಪಿನ ತುಂಡಿನ ಸಮೇತ ಮೇಜಿನ ಮೇಲೆ, ಲೋಟದ ಪಕ್ಕ ಇಟ್ಟಳು. ಯಾರೂ ಅದನ್ನು ತೆಗೆದುಕೊಳ್ಳಲಿಲ್ಲ. ಇನ್ನು ಮೆಟ್ಟಿಲಿಳಿದು ಹೋಗಿಬಿಡಬಹುದಿತ್ತು. ಚೀಲಕ್ಕೆ ಕೈ ಹಾಕಿದಾಗ ಅಂಗಿ ಸಿಕ್ಕಿತು. ಮಾಸ್ಟರ ತಪ್ಪನ್ನು ತಿದ್ದಿದ ಮೇಲೆ, ಹೊಸ ಗೆರೆಯಲ್ಲಿ ಕತ್ತರಿಸಿ ಹೊಲಿದದ್ದು. ಸಂಘದವರು ಮುಂದಿನ ವಾರ ಇದೇ ಗೆರೆಯಲ್ಲಿ ಇನ್ನಷ್ಟು ಹೊಲಿಯುವವರಿದ್ದರು. ಸರಿಯಾಗಿದೆಯೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅವಳು ಅದನ್ನು ಹೊರಗೆ ತೆಗೆದು ಮಡಿಕೆ ಬಿಡಿಸಿದಳು. ಒಂಬತ್ತು ದಿನದ ಮಡಿಕೆಯ ಗುರುತು ಎದೆಯ ಮೇಲೆ ಅಡ್ಡಡ್ಡ ಬಿದ್ದಿತ್ತು. ಎರಡೂ ಭುಜ ಹಿಡಿದು, ಅಂಗಡಿಯಲ್ಲಿ ಗಿರಾಕಿಗೆ ಹಿಡಿಯುವ ಹಾಗೆ, ಲೆಕ್ಚರರ ಮುಂದೆ ಹಿಡಿದಳು. ಕಿವಿ ಬಿಸಿಯಾಗಿತ್ತು, ಮುಖ ಕೆಂಪಾಗಿರಬೇಕು. ಆಗಲಿ.

"ಸರ್, ನಿಮ್ಮದು ನಲವತ್ತನಾಲ್ಕು. ಒಂದ್ಸಲ ಇದನ್ನ ತೊಟ್ಟು, ಕೈ ಎತ್ತಿ ತೋರಿಸ್ತೀರಾ?"